ಸೆಟ್ಟಪ್ಪನ ಸಾರ್ಥಕ ರಜೆ

ಇಷ್ಟಕ್ಕೆಲ್ಲ ಕಾರಣ ಒಂದು ಕರು. ಅದೂ ನಿಜವಾದ ಕರುವಲ್ಲ, ಫೋಟೋದಲ್ಲಿದ್ದ ಕರು.

ಮೇಲಿನ ಮನೆಯ ಮೇಡಂ ಹೋದ ತಿಂಗಳು ಗಂಡ, ಅತ್ತೆ ಮತ್ತು ಒಂದು ರಾಶಿ ಸೂಟ್‌ಕೇಸುಗಳ ಸಮೇತ ಯಾವುದೋ ಹಳ್ಳಿಯ ಫಾರ್ಮ್‌ಸ್ಟೇಗೆ ಹೋಗಿ ಬಂದಿದ್ದರು. ಅಲ್ಲಿ ನಾಲ್ಕು ದಿನ ಮಣ್ಣು ತುಳಿದವರು ಮಣ್ಣನ್ನು ತಾವೇ ಕಂಡುಹಿಡಿದ ಹಾಗೆ ಮಾತಾಡುತ್ತಿದ್ದರು. ಮೆಟ್ಟಿಲ ಮೇಲೆ ಯಾರು ಸಿಕ್ಕರೂ ಸರಿ, ಕರುವಿನ ಕೊರಳು ತಬ್ಬಿ ನಿಂತ ಫೋಟೋ ತೋರಿಸಿ, "ಬದುಕು ಅಂದ್ರೆ ಅಲ್ಲಿದೆ ನೋಡಿ. ಎಂಥ ಸಾರ್ಥಕತೆ!" ಎಂದು ನಿಟ್ಟುಸಿರು ಬಿಡುವರು. ಕಟ್ಟಡದವರೆಲ್ಲ ಅವರಿಗೆ 'ಕರು ಮೇಡಂ' ಎಂದೇ ಹೆಸರಿಟ್ಟರು. ಕರುವಿಗೆ ಈ ವಿಷಯ ತಿಳಿದಿದ್ದರೆ ಅದು ಬೇಜಾರು ಮಾಡಿಕೊಳ್ಳುತ್ತಿತ್ತೋ ಏನೋ.

ಶನಿವಾರ ಬೆಳಗ್ಗೆ ಆ ಫೋಟೋವನ್ನು ಮತ್ತೊಮ್ಮೆ ನೋಡಿ ಬಂದ ಸೆಟ್ಟಪ್ಪನ ಹೆಂಡತಿ, ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ನೋಡಿದ್ರಾ ಅವರ ಮುಖ? ಎಷ್ಟು ಕಳೆ ಬಂದಿದೆ!"

"ಯಾರ ಮುಖ? ಕರುವಿನದಾ?"

"ನಿಮ್ಮ ತಲೆ. ಸೋಮವಾರದಿಂದ ನಿಮಗೆ ರಜೆ ತಾನೇ? ನಾವೂ ಹೋಗ್ತಿದೀವಿ. ಅದೇ ಫಾರಮ್ಮಿಗೆ. ನಂಬರು ಇಸ್ಕೊಂಡು ಬಂದಿದೀನಿ."

ಸೆಟ್ಟಪ್ಪ ಎದೆಯುಬ್ಬಿಸಿದ. ಅವನದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲುಸೆಟ್ಟು ತಯಾರಿಸುವ ಕೆಲಸ. ಹೆಸರು ಬಂದದ್ದೂ ಅಲ್ಲಿಂದಲೇ. ದಿನವಿಡೀ ಮೇಣ, ಪ್ಲಾಸ್ಟರು ಮತ್ತು ಯಾರದೋ ದವಡೆಯ ಅಚ್ಚುಗಳ ನಡುವೆ ಇರುವವನಿಗೆ ಹಳ್ಳಿ ಎಂದರೆ ಕ್ಯಾಲೆಂಡರಿನ ಚಿತ್ರ: ಹಸಿರು ಹುಲ್ಲು, ತಣ್ಣನೆಯ ಗಾಳಿ, ದೂರದಲ್ಲಿ ಮರ್ಯಾದೆಯಾಗಿ ನಿಂತ ಒಂದು ಹಸು. ಜಿರಳೆಗಿಂತ ದೊಡ್ಡ ಪ್ರಾಣಿಯನ್ನು ಅವನು ಮುಟ್ಟಿದವನೇ ಅಲ್ಲ. ಜಿರಳೆಯನ್ನೂ ಚಪ್ಪಲಿಯಿಂದಲೇ ಮುಟ್ಟುತ್ತಿದ್ದ. ಆದರೂ, "ಹಳ್ಳಿ ಅಂದ್ರೆ ನನಗೆ ಮೊದಲಿಂದ ಪ್ರಾಣ ಕಣೇ" ಎಂದುಬಿಟ್ಟ.

ಹೆಂಡತಿ ಫೋನು ಹಚ್ಚಿದಳು. ಅವನು ಮುಖ ತೊಳೆದು ಬರುವಷ್ಟರಲ್ಲಿ ಅವಳು ಮನೆ, ಮಠ, ತವರು ಎಲ್ಲ ಹೇಳಿ ಮುಗಿಸಿ ಫಾರಮ್ಮಿನ ಯಜಮಾನಮ್ಮನಿಗೆ ಹತ್ತಿರದ ನೆಂಟಳೇ ಆಗಿಬಿಟ್ಟಿದ್ದಳು. ಬಾಗಿಲು ತೆರೆದೇ ಇತ್ತು. ಹೊರಗೆ ಮೆಟ್ಟಿಲ ಕಂಬಿಯ ಮೇಲೆ ಕರು ಮೇಡಂ ಒಣಗದ ಬಟ್ಟೆಯನ್ನು ಒಣಗಿದೆಯಾ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ನಾವು ಬಂದೋರನ್ನೆಲ್ಲ ಸೇರಿಸ್ಕೊಳ್ಳಲ್ಲ" ಎಂದಿತು ಸ್ಪೀಕರಿಗೆ ಹಾಕಿದ್ದ ಫೋನಿನ ಧ್ವನಿ. ಕೊಡಲಿಯಿಂದ ಸೌದೆ ಸೀಳಿದಂತಿತ್ತು. "ಹೋದ ತಿಂಗಳು ಪಟ್ಟಣದಿಂದ ಒಬ್ಬರು ಬಂದು, ಪ್ರೀತಿ ಹೆಚ್ಚಾಗಿ ಕರುಗೆ ಕ್ರೀಮ್ ಬಿಸ್ಕತ್ತು ತಿನ್ನಿಸಿ ಹೋದ್ರು. ಅವರು ಹೋದ ಮೇಲೆ ನಾವು ರಾತ್ರಿಯೆಲ್ಲ ಅದರ ಬಾಲದ ಹಿಂದೇನೇ ಇರಬೇಕಾಯ್ತು."

ಹೆಂಡತಿ ಮೆಲ್ಲಗೆ ತಲೆ ತಿರುಗಿಸಿ ಮೆಟ್ಟಿಲ ಕಡೆ ನೋಡಿದಳು. ಕರು ಮೇಡಂ ಬಟ್ಟೆ ಬಿಟ್ಟು ಸರಕ್ಕನೆ ಒಳಗೆ ಹೋದರು.

"ಅದಕ್ಕೇ ಕೇಳ್ತಿದೀನಿ. ನಿಮ್ಮ ಯಜಮಾನರಿಗೆ ದನಕರು ಹತ್ತಿರ ಹೋಗಿ ಅಭ್ಯಾಸ ಇದೆಯಾ?"

ಇಲ್ಲ ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿ ಅವನನ್ನೇ ದಿಟ್ಟಿಸುತ್ತಿದ್ದಳು. ಸೆಟ್ಟಪ್ಪ ಗಂಟಲು ಸರಿಮಾಡಿಕೊಂಡ. "ಅಭ್ಯಾಸ ಇದೆಯಾ ಅಂತ ಕೇಳ್ತೀರಲ್ಲಮ್ಮ! ದಿನಾ ನನ್ನ ಕೈ ಇರೋದೇ ಬಾಯೊಳಗೆ."

"ಹಸು ಬಾಯೊಳಗಾ?"

"ಎಂಥ ಬಾಯಾದ್ರೂ ಸರಿ."

"ಹಾಗಾದ್ರೆ ಸಂಜೆ ವಿಡಿಯೋ ಕಾಲ್ ಮಾಡ್ತೀನಿ. ಯಾವುದಾದ್ರೂ ಒಂದು ಪ್ರಾಣಿ ಜೊತೆ ಒಂದು ಕೆಲಸ ಮಾಡಿ ತೋರಿಸಿ. ಹಾಲು ಕರೆದು ತೋರಿಸಿದ್ರೆ ಇನ್ನೂ ಒಳ್ಳೇದು. ಪಾಸಾದ್ರೆ ಬನ್ನಿ. ಇಲ್ಲದಿದ್ರೆ ಬೇರೆಯವರು ಕಾಯ್ತಿದಾರೆ."

ದುಡ್ಡು ತೆತ್ತು ಸಗಣಿ ಬಾಚುವುದಕ್ಕೂ ಪರೀಕ್ಷೆ! ಬುದ್ಧಿಯಿದ್ದವನು ಫೋನಿಟ್ಟು ಮಲಗುತ್ತಿದ್ದ. ಸೆಟ್ಟಪ್ಪನಿಗೋ, ಪರೀಕ್ಷೆ ಎಂದ ಕೂಡಲೇ ಆ ಜಾಗದ ಮೇಲೆ ಮೊದಲಿಗಿಂತ ಹೆಚ್ಚು ಆಸೆಯಾಯಿತು.

ಸುದ್ದಿ ಅವನಿಗಿಂತ ಮೊದಲೇ ಮೆಟ್ಟಿಲಿಳಿದಿತ್ತು. ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರು ನಿವೃತ್ತಿಯಾಗಿ ವರ್ಷಗಳೇ ಕಳೆದಿದ್ದರೂ ಕೊರಳಿನ ಸೀಟಿ ನಿವೃತ್ತಿಯಾಗಿರಲಿಲ್ಲ. ಕ್ಲಿನಿಕ್ಕಿಗೆ ಹೊರಟವನನ್ನು ಅವರು ಮೆಟ್ಟಿಲ ತಿರುವಿನಲ್ಲಿ ಅಡ್ಡಗಟ್ಟಿದರು.

"ಏನಯ್ಯಾ, ಹಾಲು ಕರೆಯೋದು ಕೈಯಿಂದ ಅಂತ ತಿಳ್ಕೊಂಡಿದೀಯಾ?"

"ಮತ್ತೆ?"

"ತೊಡೆಯಿಂದ! ಕೂತ ಭಂಗಿ ಸರಿ ಇಲ್ಲದಿದ್ರೆ ಹಸು ಮರ್ಯಾದೆ ಕೊಡಲ್ಲ. ಹೂಂ, ಕೂರು."

"ಮೇಷ್ಟ್ರೇ, ಕೆಲಸಕ್ಕೆ ಹೊತ್ತಾಯ್ತು..."

"ಪೀ!" ಎಂದಿತು ಸೀಟಿ. ಸೆಟ್ಟಪ್ಪ ಕೂತ. ಯಾರೋ ಒಂದು ಬಕೆಟ್ ತಂದು ಅವನ ಮಂಡಿಗಳ ನಡುವೆ ಇಟ್ಟರು. "ಏಳು! ಕೂರು! ಬಕೆಟ್ ಬೀಳಬಾರದು! ಏಳು!" ಇಸ್ತ್ರಿ ಮಾಡಿದ ಪ್ಯಾಂಟು ಮೊಣಕಾಲಿನಲ್ಲಿ ಚಪಾತಿ ಉಬ್ಬಿದ ಹಾಗೆ ಉಬ್ಬಿತು. ಮೆಟ್ಟಿಲು ಹತ್ತುತ್ತಿದ್ದ ಮುದುಕಿಯೊಬ್ಬಳು ಬಕೆಟ್ ನೋಡಿ, "ನೀರು ಬಂತಾ?" ಎಂದು ತನ್ನ ಕೊಡ ತರಲು ಓಡಿದಳು. ಆ ಮೇಷ್ಟ್ರು ಆಯಸ್ಸಿನಲ್ಲಿ ಒಮ್ಮೆಯೂ ಹಸುವಿನ ಬಳಿ ಹೋದವರಲ್ಲ ಎಂಬ ಸಂಗತಿ, ಸೆಟ್ಟಪ್ಪನ ತೊಡೆ ಸೆಟೆದು ಮರದ ದಿಮ್ಮಿಯಾದ ಮೇಲಷ್ಟೇ ಹೊರಬಿತ್ತು.

"ಹಸು ಗೊತ್ತಿಲ್ಲ, ಭಂಗಿ ಗೊತ್ತು" ಎಂದರು ಮೇಷ್ಟ್ರು, ಸ್ವಲ್ಪವೂ ನಾಚದೆ.

ಕ್ಲಿನಿಕ್ಕಿಗೆ ಅವನು ಬಾತುಕೋಳಿಯಂತೆ ನಡೆದು ತಲುಪಿದ. ಮುಂದಿನ ಕೋಣೆಯಲ್ಲಿ ಒಬ್ಬ ದಪ್ಪ ಲಾಯರು ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ಕೂತಿದ್ದ. ಸೋಮವಾರ ಕೋರ್ಟಿನಲ್ಲಿ ವಾದ ಮಾಡಬೇಕಾದ್ದರಿಂದ ಅವನಿಗೆ ಅಂದೇ ಹಲ್ಲು ಬೇಕಿತ್ತು. ಸೆಟ್ಟಪ್ಪ ಹಿಂದಿನ ಕೋಣೆಗೆ ಹೋಗಿ ಲಾಯರ ದವಡೆಯ ಅಚ್ಚಿಗೆ ಪ್ಲಾಸ್ಟರು ಸುರಿದಿಟ್ಟ. ಅದು ಗಟ್ಟಿಯಾಗುವ ತನಕ ಮಾಡಲು ಕೆಲಸವಿರಲಿಲ್ಲ. ಕೆಲಸವಿಲ್ಲದ ಸೆಟ್ಟಪ್ಪನಿಗೆ ಯೋಚನೆಗಳು ಬರುತ್ತಿದ್ದವು. ಅವನ ಜೀವನದ ಎಲ್ಲ ತೊಂದರೆಗಳೂ ಬಂದದ್ದು ಅಲ್ಲಿಂದಲೇ.

ಗೋಡೆಯ ಪಕ್ಕ ಡಾಕ್ಟರ ರಬ್ಬರು ಗ್ಲೌಸಿನ ಡಬ್ಬಿಯಿತ್ತು. ಒಂದು ಗ್ಲೌಸು ತೆಗೆದು, ನೀರು ತುಂಬಿಸಿ, ಬಾಯಿಗೆ ದಾರ ಕಟ್ಟಿ, ಮೇಜಿನ ಮೇಲಿದ್ದ ದೀಪದ ಕೊಕ್ಕೆಗೆ ನೇತು ಹಾಕಿದ. ಐದು ಬೆರಳು ಕೆಳಗೆ ಜೋತಾಡಿದವು. ಹಸುವಿಗೆ ಒಂದು ಹೆಚ್ಚಾಯಿತು, ಇರಲಿ ಎಂದುಕೊಂಡ. ಸೂಜಿಯಿಂದ ತುದಿಗಳನ್ನು ಚುಚ್ಚಿ, ಕೆಳಗೊಂದು ಬೋಗುಣಿ ಇಟ್ಟು, ಮೇಷ್ಟ್ರು ಕಲಿಸಿದ ಭಂಗಿಯಲ್ಲಿ ಕೂತು ಎಳೆದ. ಚುರ್ ಎಂದಿತು. ಮತ್ತೆ ಎಳೆದ. ಚುರ್, ಚುರ್. ಸೆಟ್ಟಪ್ಪನ ಮೈಯೆಲ್ಲ ಪುಳಕ. "ಬಾ ತಾಯಿ, ಬಾ ನನ್ನವ್ವ" ಎಂದು ಗ್ಲೌಸಿನ ಕಿರುಬೆರಳನ್ನು ಸವರುತ್ತ ಹುರುಪಿನಿಂದ ಜೋರಾಗಿ ಜಗ್ಗಿದ.

ತಾಯಿ ಬಂದಳು. ಕೊಕ್ಕೆ, ದಾರ, ದೀಪ ಎಲ್ಲದರ ಸಮೇತ ಬಂದಳು. ಗ್ಲೌಸು ಡಬ್ಬೆಂದು ಒಡೆದು ಲಾಯರ ದವಡೆಯ ಮೇಲೆ ಬಿತ್ತು. ಪ್ಲಾಸ್ಟರು ಗಂಜಿಯಾಯಿತು.

ಸದ್ದು ಕೇಳಿ ಡಾಕ್ಟರು ಬಾಗಿಲಲ್ಲಿ ನಿಂತರು. "ಏನ್ರೀ ಇದು?"

ಸೆಟ್ಟಪ್ಪ ಕುಕ್ಕರುಗಾಲಿನಲ್ಲೇ ತಲೆಯೆತ್ತಿದ. "ಹಾಲು ಕರೀತಿದ್ದೆ, ಸಾರ್."

ಡಾಕ್ಟರು ಗಂಜಿಯಾದ ದವಡೆಯನ್ನೊಮ್ಮೆ, ಬೋಗುಣಿಯನ್ನೊಮ್ಮೆ ನೋಡಿದರು. ಆಮೇಲೆ, "ನಿಮಗೆ ರಜೆಯ ಅಗತ್ಯ ತುಂಬಾ ಇದೆ" ಎಂದರು. "ಆದ್ರೆ ಅವರ ಹಲ್ಲು ಮುಗಿಸದೆ ಈ ಕೋಣೆಯಿಂದ ಹೊರಗೆ ಕಾಲಿಡಬಾರದು."

ಊಟವಿಲ್ಲದೆ ಎಲ್ಲ ಮೊದಲಿನಿಂದ ಶುರುವಾಯಿತು. ವಿಷಯ ತಿಳಿದ ಲಾಯರು ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲೇ ಕೂತ. ಹಲ್ಲಿಲ್ಲದಿದ್ದರೂ ಸಲಹೆಗೇನೂ ಕೊರತೆಯಿರಲಿಲ್ಲ.

"ಹುಫಾರು ಕಣ್ರೀ. ಹಫು ಒದೆಯುತ್ತೆ."

"ಒದೆಯಲ್ಲ ಸಾರ್. ಪ್ರೀತಿ ತೋರಿಸಿದ್ರೆ ಸಾಕಂತೆ."

"ಪ್ರೀತಿ ತೋರಿಫಿದ್ರೂ ಒದೆಯುತ್ತೆ. ಒದ್ರೆ ಏನ್ಮಾಡ್ತೀರಿ? ಹಫು ಮೇಲೆ ಕೇಫು ಹಾಕೋಕೆ ಆಗಲ್ಲ!" ಇಡೀ ಮಧ್ಯಾಹ್ನ ಅವನು ದನಗಳ ಕಾನೂನನ್ನು ಸೆಟ್ಟಪ್ಪನ ಕಿವಿಗೆ ಊದಿದ. ಕೊನೆಗೆ ಹಲ್ಲು ಬಾಯಿಗೆ ಕೂತ ಮೇಲೆ ಅವನಾಡಿದ ಮೊದಲ ಸ್ಪಷ್ಟ ಮಾತು, "ಮೂರ್ಖ!" ಎಂದು. ಹಲ್ಲು ಸರಿಯಾಗಿ ಕೂತಿದೆ ಎಂದು ಡಾಕ್ಟರು ತೃಪ್ತಿಪಟ್ಟರು.

ಸೆಟ್ಟಪ್ಪ ಬೆವರು ಸುರಿಸುತ್ತ ಮನೆಗೆ ಓಡಿದಾಗ ಹಿತ್ತಲು ಸಂತೆಯಂತಾಗಿತ್ತು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಜಾಗ ಮಾಡಿದ್ದರು. ಬಾಲ್ಕನಿಗಳಲ್ಲಿ ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ನಡುವೆ ಡ್ರಿಲ್ ಮೇಷ್ಟ್ರು, ಅವರ ಕೈಯಲ್ಲೊಂದು ಹಗ್ಗ, ಹಗ್ಗದ ಆ ತುದಿಯಲ್ಲಿ ಗಡ್ಡ ಬಿಟ್ಟ ಒಂದು ಆಡು. ಪಕ್ಕದಲ್ಲಿ ಬೀದಿ ಮೂಲೆಯ ಮಾಂಸದಂಗಡಿಯವನು ಕೈಕಟ್ಟಿ ನಿಂತಿದ್ದ.

"ಈ ಊರಲ್ಲಿ ಹಸು ಎಲ್ಲಿ ಹುಡುಕೋದು? ಇವನ ಹತ್ರ ಎರವಲು ತಂದೆ" ಎಂದರು ಮೇಷ್ಟ್ರು.

"ನೋಡಿ ಸ್ವಾಮಿ" ಎಂದ ಮಾಂಸದಂಗಡಿಯವನು, ಬಹಳ ಬೇಸರದಿಂದ. "ನನ್ನ ಅಂಗಡಿಯಿಂದ ಆಡು ಜೀವ ಸಮೇತ ಹೊರಗೆ ಬಂದಿರೋದು ಇದೇ ಮೊದಲು. ಹೆಚ್ಚು ಹೊತ್ತು ಇಟ್ಕೋಬೇಡಿ. ಇದಕ್ಕೆ ಅಭ್ಯಾಸ ಆಗಿಬಿಡುತ್ತೆ."

ಅಷ್ಟರಲ್ಲಿ ಹೆಂಡತಿಯ ಕೈಯಲ್ಲಿದ್ದ ಫೋನು ರಿಂಗಾಯಿತು. ಪರದೆಯ ತುಂಬ ಯಜಮಾನಮ್ಮನ ಮುಖ. ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದರು. ಅವರ ಹಿಂದೆ ಮರಗಳು ಸರಸರನೆ ಸರಿದು ಹೋಗುತ್ತಿದ್ದವು.

"ಅಲ್ಲಿ ಎಂಥ ಗಾಳಿ ನೋಡ್ರಿ!" ಎಂದು ಹೆಂಡತಿ ಬೆರಗಾದಳು. "ಮರಗಳು ನಿಂತಲ್ಲಿ ನಿಲ್ತಾನೇ ಇಲ್ಲ!"

ಯಜಮಾನಮ್ಮನ ಹೆಗಲ ಬಳಿ ಅವರ ಗಂಡ ಕಣ್ಣುಮುಚ್ಚಿ, ಬಾಯಿ ತೆರೆದು ತೂಗಾಡುತ್ತಿದ್ದರು. ಮೇಲಿನ ಬಾಲ್ಕನಿಯಿಂದ ಬಗ್ಗಿ ನೋಡಿದ ಕರು ಮೇಡಂ, ಎಲ್ಲರಿಗೂ ತಿಳಿಯಲೆಂದು, "ಧ್ಯಾನ. ಹಳ್ಳಿಯವರು ಸಂಜೆ ಹಾಗೇ" ಎಂದು ವಿವರಿಸಿದರು.

"ಶುರು ಮಾಡಿ" ಎಂದರು ಯಜಮಾನಮ್ಮ.

"ಪೀ!" ಎಂದಿತು ಸೀಟಿ.

ಸೆಟ್ಟಪ್ಪ ಕೂತ. ಬೋಗುಣಿ ಇಟ್ಟ. ಒಳ್ಳೆಯ ಭಂಗಿ. ಕೈಯನ್ನು ಆಡಿನ ಹೊಟ್ಟೆಯ ಕೆಳಗೆ ಚಾಚಿ ತಡಕಾಡಿದ. ಆಡು ತಿರುಗಿ ಅವನ ಮುಖವನ್ನೇ ನೋಡಿತು. ಅಂಥ ತಿರಸ್ಕಾರ ಅವನು ಡಾಕ್ಟರ ಕಣ್ಣಲ್ಲೂ ಕಂಡಿರಲಿಲ್ಲ.

"ಏನು ಹುಡುಕ್ತಿದೀರಿ?" ಎಂದಿತು ಫೋನು.

"ಕೆಚ್ಚಲು, ಅಮ್ಮ."

"ಅದು ಹೋತ ಕಣ್ರೀ!"

ಬಾಲ್ಕನಿಗಳಲ್ಲಿ ನಗು ಒಡೆಯಿತು. ಆ ಸದ್ದಿಗೋ, ತನ್ನ ಮಾನ ಹೋಯಿತೆಂಬ ಸಿಟ್ಟಿಗೋ, ಹೋತ ಹಾರಿತು. ಮೇಷ್ಟ್ರ ಕೈಯಿಂದ ಹಗ್ಗ ಕಿತ್ತುಕೊಂಡು, ಸೆಟ್ಟಪ್ಪನ ಬೆನ್ನ ಮೇಲೆ ಕಾಲಿಟ್ಟು, ಮೆಟ್ಟಿಲು ಹತ್ತಿತು. ಬಾಲ್ಕನಿಯಲ್ಲಿ ತಮಾಷೆ ನೋಡಲು ನಿಂತಿದ್ದ ಕರು ಮೇಡಂ ಮನೆಯ ಬಾಗಿಲು ಹಾಕಿರಲಿಲ್ಲ.

"ಹಿಡೀರಿ! ಅಂಗಡಿ ಮಾಲು!" ಎಂದು ಮಾಂಸದಂಗಡಿಯವನು ಕೂಗಿದ. ಸೆಟ್ಟಪ್ಪ ಹಿಂದೆ ಓಡಿದ, ಅವನ ಹಿಂದೆ ಫೋನು ಎತ್ತಿ ಹಿಡಿದ ಹೆಂಡತಿ, ಅವಳ ಹಿಂದೆ ಸೀಟಿ.

ಒಳಗೆ ಹೋತ ಊಟದ ಮೇಜಿನ ಮೇಲೆ ನಿಂತು ಕಿಟಕಿಯ ಪರದೆಯ ಅಂಚನ್ನು ನಿಧಾನವಾಗಿ ಜಗಿಯುತ್ತಿತ್ತು. ಕರು ಮೇಡಂ ಸೋಫಾದ ಮೇಲೆ ಹತ್ತಿ ನಿಂತು ಕಿರುಚುತ್ತಿದ್ದರು.

"ಅಯ್ಯೋ ಗಲೀಜು! ಪ್ರಾಣಿ! ಪ್ರಾಣಿ ರೀ! ಆಚೆ ಹಾಕ್ರಿ ಇದನ್ನ!"

ಪ್ರಾಣಿಪ್ರೀತಿಯ ಬಗ್ಗೆ ಒಂದು ತಿಂಗಳು ಉಪನ್ಯಾಸ ಕೊಟ್ಟವರ ಬಾಯಿಂದ ಆ ಮಾತು ಕೇಳಿ ಸೆಟ್ಟಪ್ಪನ ಹೆಂಡತಿ ಫೋನನ್ನು ಹೋತದಿಂದ ಅವರ ಕಡೆಗೆ ತಿರುಗಿಸಿ ಸ್ವಲ್ಪ ಹೊತ್ತು ಅಲ್ಲೇ ಹಿಡಿದಳು. ಅವರ ಅತ್ತೆ ಪೊರಕೆಯಿಂದ ಹೋತಕ್ಕೆ ಬಾರಿಸಲು ಹೋಗಿ ಸೆಟ್ಟಪ್ಪನಿಗೆ ಬಾರಿಸಿದರು. ಮೇಡಂ ಗಂಡ ಬಂದು, "ಬುದ್ಧಿ ಇದೆಯೇನ್ರೀ ನಿಮಗೆ?" ಎಂದು ಗದರಿದರು. ಸೆಟ್ಟಪ್ಪ ಯಾರಿಗೂ ಉತ್ತರ ಕೊಡಲಿಲ್ಲ, ಕೊಡಲು ಉಸಿರಿರಲಿಲ್ಲ. ಕಣ್ಣುಮುಚ್ಚಿ ಹೋತವನ್ನು ತಬ್ಬಿ ಹೆಗಲಿಗೆ ಹಾಕಿಕೊಂಡ. ಹೋತ ಅವನ ಅಂಗಿಯ ಕಾಲರಿನೊಳಕ್ಕೆ ತನ್ನ ಅಭಿಪ್ರಾಯವನ್ನು ಹಿಕ್ಕೆಯ ರೂಪದಲ್ಲಿ ಸುರಿಸಿತು. ನೆಲದ ಮೇಲೆ ಬಿದ್ದದ್ದನ್ನು ಅತ್ತೆ ಬೆರಳು ತೋರಿಸಿ ಒಂದೊಂದಾಗಿ ಅವನ ಕೈಯಿಂದಲೇ ಎತ್ತಿಸಿದರು. ಎತ್ತಿದ. ಬೈದರು, ಬೈಸಿಕೊಂಡ. ಮೆಟ್ಟಿಲಿಳಿದು ಹೋತವನ್ನು ಒಪ್ಪಿಸಿದ.

"ಎಲ್ಲ ಮುಗೀತು" ಎಂದು ಕಟ್ಟೆಯ ಮೇಲೆ ಕುಸಿದ. "ಫೇಲಾದೆ."

"ಯಾರು ಹೇಳಿದ್ದು?" ಎಂದಿತು ಫೋನು, ಇನ್ನೂ ಹೆಂಡತಿಯ ಕೈಯಲ್ಲಿದ್ದದ್ದು. "ನೂರಕ್ಕೆ ನೂರು ಕಣ್ರೀ ನಿಮಗೆ! ಪ್ರಾಣಿ ಹೊರ್ತೀರಿ, ಹಿಕ್ಕೆ ಎತ್ತುತ್ತೀರಿ, ಅದೆಲ್ಲ ಇರಲಿ. ಅಷ್ಟು ಬೈದ್ರೂ ತಿರುಗಿ ಒಂದು ಮಾತಾಡಲಿಲ್ಲವಲ್ಲ! ಅಂಥೋರು ಎಲ್ಲಿ ಸಿಕ್ತಾರೆ? ಬಂದೆ, ಮುಂದಿನದು ಎದುರಾ ಎದುರೇ ಮಾತಾಡೋಣ." ಪರದೆ ಕಪ್ಪಾಯಿತು.

ಹಿತ್ತಲೆಲ್ಲ ಚಪ್ಪಾಳೆ. ಮೇಷ್ಟ್ರು ಅವನ ಬೆನ್ನು ತಟ್ಟಿ, ತಟ್ಟಿದ ಕೈಯನ್ನು ಮೂಸಿ, ದೂರ ನಿಂತರು. ಹೆಂಡತಿಯ ಕಣ್ಣಲ್ಲಿ ಮದುವೆಯ ದಿನವೂ ಕಾಣದ ಹೆಮ್ಮೆ. ಸೆಟ್ಟಪ್ಪನೂ ಮೆಲ್ಲಗೆ ಎದೆಯುಬ್ಬಿಸಿದ. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಸೋಮವಾರದ ಪ್ರಯಾಣಕ್ಕೆ ಯಾವ ಚೀಲ ಒಯ್ಯಬೇಕೆಂದು ಚರ್ಚಿಸುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು.

ತೆರೆದರೆ, ತಲೆಗೆ ಬಟ್ಟೆ ಸುತ್ತಿದ ಯಜಮಾನಮ್ಮ. ಹಿಂದೆ ಒಂದು ಚೀಲ ಹಿಡಿದು ಕಣ್ಣುಜ್ಜಿಕೊಳ್ಳುತ್ತಿರುವ ಅವರ ಗಂಡ.

"ಬಸ್ಸು ಬೇಗ ಬಂತು" ಎಂದು ಅವರು ಒಳಗೆ ಬಂದರು. ಕೋಣೆಯನ್ನೊಮ್ಮೆ, ಅಡುಗೆಮನೆಯನ್ನೊಮ್ಮೆ ನೋಡಿದರು. ಬಚ್ಚಲಿನ ನಲ್ಲಿ ತಿರುಗಿಸಿ ನೀರು ಬರುವುದನ್ನು ಕಂಡು ಗಂಡನ ಕಡೆ ತಿರುಗಿ ತಲೆಯಾಡಿಸಿದರು. ಗಂಡ ಸೀದಾ ಮಲಗುವ ಕೋಣೆಗೆ ಹೋಗಿ ಹಾಸಿಗೆಯನ್ನು ಒಂದು ಸಲ ಒತ್ತಿ ನೋಡಿ, ಅದರ ಮೇಲೆ ಒರಗಿದವರು ಅಲ್ಲೇ ಗೊರಕೆ ಹೊಡೆಯತೊಡಗಿದರು.

"ಅಮ್ಮಾ, ಇದೇನು?" ಎಂದ ಸೆಟ್ಟಪ್ಪ.

"ರಜೆ" ಎಂದರು ಯಜಮಾನಮ್ಮ, ಚಪ್ಪಲಿ ಬಿಡುತ್ತ. "ಫಾರಮ್ಮಿಗೆ ಜನ ಬರೋಕೆ ಶುರುವಾದ ಮೇಲೆ ನಾವು ಒಂದು ದಿನ ನೆಮ್ಮದಿಯಾಗಿ ಕಾಲು ಚಾಚಿದ್ದಿಲ್ಲ. ಬೆಳಗ್ಗೆ ನಿಮ್ಮ ಮನೆಯವರು, 'ನಾವು ಅಲ್ಲಿಗೆ ಬಂದ್ರೆ ನಮ್ಮ ಮನೆ ಖಾಲಿ ಬಿದ್ದಿರುತ್ತೆ' ಅಂದ್ರು ನೋಡಿ, ಆಗಲೇ ನೀವು ಪಾಸಾಗಿ ಹೋದ್ರಿ. ನಾವು ಮಧ್ಯಾಹ್ನವೇ ಬಸ್ಸು ಹತ್ತಿದ್ವಿ."

"ಮತ್ತೆ ಆ ಪರೀಕ್ಷೆ?"

"ಪರೀಕ್ಷೆ ಇಡದೆ ಬನ್ನಿ ಅಂದಿದ್ರೆ ಬರ್ತಿದ್ರಾ? ಸುಲಭವಾಗಿ ಸಿಕ್ಕಿದ್ದು ನಿಮ್ಮ ಕಡೆಯವರಿಗೆ ರುಚಿಸಲ್ಲ. ಬೇರೆ ಕಡೆ ಹುಡುಕ್ಕೊಂಡು ಹೋಗ್ತಿದ್ರಿ." ಅವರು ಒಂದು ಬೀಗದ ಕೈ ಗೊಂಚಲನ್ನು ಅವನ ಅಂಗೈಗೆ ತುರುಕಿದರು. "ಸಂಜೆ ಹಾಲು ಪಕ್ಕದ ಹೊಲದವನು ಕರೀತಾನೆ. ಬೆಳಗ್ಗೆ ಆಗಲ್ಲ ಅಂದಿದಾನೆ. ಅಲ್ಲಿ ಎರಡು ಸಂಸಾರ ಅತಿಥಿಗಳು ಬೇರೆ ಇದಾರೆ, ಬಿಸಿನೀರು ತಡವಾದ್ರೆ ಕೂಗಾಡ್ತಾರೆ. ನೀವು ಹೇಗೂ ತಿರುಗಿ ಮಾತಾಡೋರಲ್ಲ. ಈಗ ಹೊರಟ್ರೆ ಬಸ್ಸು ಸಿಗುತ್ತೆ."

"ಈಗಲಾ? ಲೇ, ನೀನಾದ್ರೂ ಹೇಳೇ!" ಎಂದು ಸೆಟ್ಟಪ್ಪ ಹೆಂಡತಿಯತ್ತ ತಿರುಗಿದ.

ಹೆಂಡತಿಯ ಮುಖದಲ್ಲಿ ಬೆಳಕು ಮೂಡುತ್ತಿತ್ತು. "ಅಲ್ಲಾ ರೀ, ಮೇಲಿನವರು ಅತಿಥಿಗಳಾಗಿ ಹೋದ್ರು. ನಾವು ಯಜಮಾನರಾಗೇ ಹೋಗ್ತಿದೀವಿ!" ಎಂದವಳೇ, ಇಡೀ ಮೆಟ್ಟಿಲಿಗೆ ಕೇಳುವ ಹಾಗೆ ಇನ್ನೊಮ್ಮೆ ಅದನ್ನೇ ಹೇಳಿ, ಚೀಲಕ್ಕೆ ಬಟ್ಟೆ ತುಂಬತೊಡಗಿದಳು.

ಕಟ್ಟಡದವರೆಲ್ಲ ಗೇಟಿನವರೆಗೆ ಬಂದು ಬೀಳ್ಕೊಟ್ಟರು. ಸೆಟ್ಟಪ್ಪ ಚೀಲ ಹೊತ್ತು ಬೀದಿಗಿಳಿದಾಗ ಅವನದೇ ಕಿಟಕಿಯಿಂದ, ಅವನದೇ ಲೋಟದಲ್ಲಿ ಟೀ ಹಿಡಿದು ಯಜಮಾನಮ್ಮ ಇಣುಕಿದರು.

"ಹೇಳೋದು ಮರೆತೆ. ಕಪ್ಪು ಹಸು ಒದೆಯುತ್ತೆ. ಬಿಳಿ ಹಸು ಹಾಯುತ್ತೆ. ಉಳಿದವೆಲ್ಲ ಸಾಧು, ಏನೂ ಭಯವಿಲ್ಲ."

"ಉಳಿದವು ಎಷ್ಟು ಹಸು ಅಮ್ಮ?" ಎಂದು ಸೆಟ್ಟಪ್ಪ ಕತ್ತು ಮೇಲೆತ್ತಿ ಕೂಗಿದ.

"ಹಸು ಇರೋದು ಎರಡೇ. ಉಳಿದವು ಕರು, ಕೋಳಿ" ಎಂದು ಯಜಮಾನಮ್ಮ ಕಿಟಕಿ ಮುಚ್ಚಿಕೊಂಡರು.